ಲೆಕ್ಕದ ಹಾಳೆಯ ಕೋಶಗಳು: ಮೌಲ್ಯವೂ ತೋರಿಕೆಯೂ

ವ್ಯಾಪಾರದ ಮಳಿಗೆಯಾಗಲಿ, ಶಾಲೆಯಾಗಲಿ, ಸಹಕಾರ ಸಂಘವಾಗಲಿ, ಸಂಶೋಧನಾಲಯವಾಗಲಿ, ಲೆಕ್ಕವಿಡುವ ಕೆಲಸ ಎಲ್ಲೆಲ್ಲಿ ನಡೆಯುತ್ತದೆಯೋ ಅಲ್ಲೆಲ್ಲ ಇಂದು ಕಂಪ್ಯೂಟರಿನ ಲೆಕ್ಕದ ಹಾಳೆ ಬಳಕೆಗೆ ಬಂದಿದೆ. ಇದನ್ನು ಸ್ಪ್ರೆಡ್‌ಶೀಟ್ ಎಂದೂ, ಇಂಥ ಹಾಳೆಯನ್ನು ಒದಗಿಸುವ ಒಂದು ಪ್ರಸಿದ್ಧ ಪ್ರೋಗ್ರಾಮಿನ ಹೆಸರಿನಿಂದ ಎಕ್ಸೆಲ್ ಶೀಟ್ ಎಂದೂ ಕರೆಯುವುದು ರೂಢಿ. ಹಿಂದಿನ ಖಾತೆ ಪುಸ್ತಕಗಳಲ್ಲಿ ಅಡ್ಡಗೆರೆ ಉದ್ದಗೆರೆಗಳನ್ನೆಳೆದು ಮಾಡಿಕೊಳ್ಳುತ್ತಿದ್ದ ಚೌಕಗಳಂತೆಯೇ ಇದರಲ್ಲಿಯೂ ಚೌಕಗಳಿರುತ್ತವೆ. ಒಂದೊಂದು ಚೌಕಕ್ಕೂ ಸೆಲ್ ಎಂದು ಹೆಸರು. ನಾವು ಅದನ್ನು ಕೋಶವೆಂದು ಕರೆಯೋಣ.

ಕೋಶಗಳಲ್ಲಿ ಅಂಕಿಗಳನ್ನು ತುಂಬಿದ ಮಾತ್ರಕ್ಕೆ ಹಾಳೆ ಸಿದ್ಧವಾಯಿತೆಂದು ಹೇಳುವಂತಿಲ್ಲ. ತಲೆಬರಹದ ಸಾಲು ದಪ್ಪ ಅಕ್ಷರದಲ್ಲಿರಬೇಕು. ಹಣದ ಮೊತ್ತಗಳಲ್ಲಿ ಅಲ್ಪವಿರಾಮಗಳು ತಕ್ಕ ಸ್ಥಾನದಲ್ಲಿ ಬೀಳಬೇಕು. ದಿನಾಂಕಗಳೆಲ್ಲ ಒಂದೇ ಕ್ರಮದಲ್ಲಿ ಕಾಣಬೇಕು. ಗಮನಿಸಬೇಕಾದ ಸಾಲುಗಳಿಗೆ ಬೇರೆ ಬಣ್ಣ ಬರಬೇಕು. ಈ ಕೆಲಸವೇ ಫಾರ್ಮ್ಯಾಟಿಂಗ್, ಎಂದರೆ ರೂಪವಿನ್ಯಾಸ. ನೂರು ಕೋಶಗಳಿಗೆ ಇದನ್ನು ಕೈಯಿಂದಲೇ ಮಾಡಬಹುದು. ಹತ್ತು ಸಾವಿರ ಕೋಶಗಳುಳ್ಳ ಹಾಳೆ ತಿಂಗಳು ತಿಂಗಳೂ ಬರುವುದಾದರೆ ಆ ಕೆಲಸವನ್ನು ಒಂದು ಪ್ರೋಗ್ರಾಮಿಗೆ ವಹಿಸುವುದೇ ಜಾಣತನ. ಯಂತ್ರಕ್ಕೆ ದಣಿವಿಲ್ಲ, ಬೇಸರವಿಲ್ಲ. ಆದರೆ ಅದಕ್ಕೆ ವಿವೇಚನೆಯೂ ಇಲ್ಲ. ಕೈಯಿಂದ ಮಾಡುವವನು ಒಂದು ಕೋಶದಲ್ಲಿ ತಪ್ಪಿದರೆ ತಪ್ಪು ಒಂದೇ. ಯಂತ್ರಕ್ಕೆ ಕೊಟ್ಟ ಆಜ್ಞೆ ತಪ್ಪಾದರೆ ಹತ್ತು ಸಾವಿರ ಕೋಶಗಳೂ ಏಕಕಾಲದಲ್ಲಿ ಕೆಡುತ್ತವೆ. ಅಷ್ಟೇ ಅಲ್ಲ, ಅವೆಲ್ಲವೂ ಒಂದೇ ರೀತಿಯಲ್ಲಿ ಅಚ್ಚುಕಟ್ಟಾಗಿ ಕೆಡುವುದರಿಂದ ತಪ್ಪು ಕಣ್ಣಿಗೆ ಬೀಳುವುದೂ ಕಷ್ಟ.

ಆದ್ದರಿಂದ ಆಜ್ಞೆ ಕೊಡುವವನು ಮೊದಲು ಒಂದು ಭೇದವನ್ನು ಚೆನ್ನಾಗಿ ಅರಿತಿರಬೇಕು. ಅದು ಕೋಶದೊಳಗೆ ಇರುವ ಮೌಲ್ಯಕ್ಕೂ ಅದು ಕಣ್ಣಿಗೆ ಕಾಣುವ ತೋರಿಕೆಗೂ ಇರುವ ಭೇದ. ಅದನ್ನು ಉದಾಹರಣೆಗಳೊಡನೆ ವಿವರಿಸುವುದೇ ಈ ಲೇಖನದ ಉದ್ದೇಶ.

ಹಾಳೆಯ ಹುಟ್ಟು

ಮನೆಯಲ್ಲಿಟ್ಟುಕೊಳ್ಳಬಹುದಾದ ಚಿಕ್ಕ ಕಂಪ್ಯೂಟರುಗಳಿಗಾಗಿ ರಚಿತವಾದ ಮೊದಲ ಲೆಕ್ಕದ ಹಾಳೆ ವಿಸಿಕ್ಯಾಲ್ಕ್. ಹಾರ್ವರ್ಡಿನ ವಾಣಿಜ್ಯ ಶಾಲೆಯಲ್ಲಿ ವಿದ್ಯಾರ್ಥಿಯಾಗಿದ್ದ ಡ್ಯಾನ್ ಬ್ರಿಕ್ಲಿನ್ ಇದನ್ನು ಕಲ್ಪಿಸಿದನು. ಅವನ ಮಿತ್ರ ಬಾಬ್ ಫ್ರಾಂಕ್‌ಸ್ಟನ್ ಅದನ್ನು ಪ್ರೋಗ್ರಾಮಿನ ರೂಪಕ್ಕೆ ತಂದನು. 1979ರಲ್ಲಿ ಆಪಲ್ ಕಂಪ್ಯೂಟರಿನ ಮೇಲೆ ಅದು ಮಾರಾಟಕ್ಕೆ ಬಂದಿತು. ಒಂದು ಅಂಕಿಯನ್ನು ತಿದ್ದಿದೊಡನೆ ಅದನ್ನು ಅವಲಂಬಿಸಿದ ಮೊತ್ತಗಳೆಲ್ಲ ತಾವಾಗಿಯೇ ತಿದ್ದಿಕೊಳ್ಳುವುದು ಅಂದಿನ ಲೆಕ್ಕಿಗರಿಗೆ ಬೆರಗಿನ ಸಂಗತಿಯಾಗಿತ್ತು. 1983ರಲ್ಲಿ ಲೋಟಸ್ 1-2-3 ಬಂದಿತು. 1985ರಲ್ಲಿ ಮ್ಯಾಕಿಂಟಾಷ್ ಕಂಪ್ಯೂಟರಿಗೂ 1987ರಲ್ಲಿ ವಿಂಡೋಸ್ ವ್ಯವಸ್ಥೆಗೂ ಎಕ್ಸೆಲ್ ದೊರೆಯಿತು. 2007ರ ಆವೃತ್ತಿಯಿಂದೀಚೆಗೆ ಎಕ್ಸೆಲಿನ ಒಂದು ಹಾಳೆಯಲ್ಲಿ 10,48,576 ಸಾಲುಗಳೂ 16,384 ಕಂಬಗಳೂ ಇರುತ್ತವೆ. ಇವೆರಡನ್ನೂ ಗುಣಿಸಿದರೆ ಕೋಶಗಳ ಸಂಖ್ಯೆ 1,700 ಕೋಟಿಯನ್ನು ಮೀರುತ್ತದೆ. ಇಷ್ಟು ವಿಶಾಲವಾದ ಹಾಳೆಯನ್ನು ಕೈಯಿಂದ ಅಲಂಕರಿಸುವುದು ಮನುಷ್ಯಮಾತ್ರರಿಂದ ಆಗದ ಮಾತು.

ಮೌಲ್ಯ ಬೇರೆ, ತೋರಿಕೆ ಬೇರೆ

ಕಾಗದದ ಮೇಲೆ 34.5 ಎಂದು ಬರೆದರೆ ಕಾಗದದಲ್ಲಿರುವುದೂ ನಮಗೆ ಕಾಣುವುದೂ ಅದೇ. ಕಂಪ್ಯೂಟರಿನ ಕೋಶದಲ್ಲಿ ಹಾಗಲ್ಲ. ಅಲ್ಲಿ 34.5 ಎಂಬ ಮೌಲ್ಯ ಒಂದೆಡೆ ಇರುತ್ತದೆ; ಅದನ್ನು ಯಾವ ಬಗೆಯಲ್ಲಿ ತೋರಿಸಬೇಕೆಂಬ ಸೂಚನೆ ಇನ್ನೊಂದೆಡೆ ಇರುತ್ತದೆ. ದಶಮಾಂಶ ಬಿಂದುವಿನ ಮುಂದೆ ಅಂಕೆ ಬೇಡವೆಂದು ಸೂಚನೆಯಿದ್ದರೆ ಕೋಶದಲ್ಲಿ 35 ಎಂದು ಕಾಣುತ್ತದೆ. ಮೌಲ್ಯ ಮಾತ್ರ 34.5 ಆಗಿಯೇ ಉಳಿದಿರುತ್ತದೆ.

ಇದರಿಂದ ಏನಾಗಬಹುದೆಂಬುದನ್ನು ನೋಡೋಣ. ಒಂದು ವಿದ್ಯಾಲಯದಲ್ಲಿ ಎರಡು ಪರೀಕ್ಷೆಗಳ ಸರಾಸರಿ 35 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಉತ್ತೀರ್ಣ ಎಂಬ ನಿಯಮವಿದೆಯೆಂದು ಭಾವಿಸಿರಿ. ಒಬ್ಬ ವಿದ್ಯಾರ್ಥಿನಿಗೆ 34 ಮತ್ತು 35 ಅಂಕಗಳು ಬಂದಿವೆ, ಸರಾಸರಿ 34.5. ಇನ್ನೊಬ್ಬಳಿಗೆ 35 ಮತ್ತು 35, ಸರಾಸರಿ 35. ಹಾಳೆ ಚೊಕ್ಕಟವಾಗಿ ಕಾಣಲೆಂದು ಯಾರೋ ಸರಾಸರಿಯ ಕಂಬದಿಂದ ದಶಮಾಂಶಗಳನ್ನು ಮರೆಮಾಡಿದ್ದಾರೆ. ಅನಂತರ ಮತ್ತೊಬ್ಬರು 35ಕ್ಕಿಂತ ಕಡಮೆಯಾದ ಕೋಶಗಳಿಗೆ ಕೆಂಪು ಬಣ್ಣ ಹಚ್ಚುವಂತೆ ಪ್ರೋಗ್ರಾಮಿಗೆ ಆಜ್ಞೆ ಕೊಟ್ಟಿದ್ದಾರೆ. ಪ್ರೋಗ್ರಾಂ ನೋಡುವುದು ಮೌಲ್ಯವನ್ನು. ಆದ್ದರಿಂದ ಮೊದಲನೆಯವಳ ಕೋಶ ಕೆಂಪಾಗುತ್ತದೆ, ಎರಡನೆಯವಳದು ಆಗುವುದಿಲ್ಲ. ಹಾಳೆಯನ್ನು ನೋಡುವವರಿಗಾದರೋ ಎರಡು ಕೋಶಗಳಲ್ಲಿಯೂ 35 ಎಂದೇ ಕಾಣುತ್ತದೆ. ಒಂದು 35 ಕೆಂಪು, ಇನ್ನೊಂದು 35 ಬಿಳಿ! ಫಲಕದ ಮೇಲೆ ಅಂಟಿಸಿದ ಈ ಹಾಳೆಯ ಮುಂದೆ ನಿಂತ ಹುಡುಗಿಗೆ ಯಾರು ಉತ್ತರ ಹೇಳಬೇಕು?

ಅರ್ಧ ಅಂಕವನ್ನು ಮೇಲಕ್ಕೆ ಸೇರಿಸಿಕೊಳ್ಳಬೇಕೋ ಬೇಡವೋ ಎಂಬುದು ವಿದ್ಯಾಲಯ ನಿರ್ಧರಿಸಬೇಕಾದ ವಿಷಯ. ಸೇರಿಸಿಕೊಳ್ಳಬೇಕೆಂದಾದರೆ ರೌಂಡ್ ಎಂಬ ಸೂತ್ರದಿಂದ ಮೌಲ್ಯವನ್ನೇ 35 ಮಾಡಿ ಬೇರೊಂದು ಕಂಬದಲ್ಲಿ ಇಡಬೇಕು. ಬೇಡವೆಂದಾದರೆ ದಶಮಾಂಶವನ್ನು ಮರೆಮಾಡಬಾರದು. ಎರಡರಲ್ಲಿ ಯಾವುದಾದರೂ ನ್ಯಾಯವೇ ಸರಿ. ನಿರ್ಧಾರವನ್ನೇ ಮಾಡದೆ ತೋರಿಕೆಯಲ್ಲಿ ಅದನ್ನು ಅಡಗಿಸುವುದು ಮಾತ್ರ ಅನ್ಯಾಯ.

ಹಾಗೆಂದು ಮೌಲ್ಯ ಮತ್ತು ತೋರಿಕೆಗಳನ್ನು ಬೇರ್ಪಡಿಸಿರುವುದು ದೋಷವೆಂದು ವಾಚಕರು ತಿಳಿಯಬಾರದು. ಭೌತವಿಜ್ಞಾನದ ಪ್ರಯೋಗಶಾಲೆಯಿಂದ ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಸರಳ ಲೋಲಕದ ಉದ್ದ 1.00 ಮೀಟರ್, ಆಂದೋಲನದ ಅವಧಿ 2.01 ಸೆಕೆಂಡು. ಅವಧಿಯ ವರ್ಗ 4.0401. ಇದರಿಂದ ಗುರುತ್ವ ವೇಗೋತ್ಕರ್ಷವನ್ನು ಗಣಿಸಿದರೆ ಯಂತ್ರವು 9.771644 ಎಂದು ತೋರಿಸುತ್ತದೆ. ನಮ್ಮ ಅಳತೆಗಳಲ್ಲಿ ಸಾರ್ಥಕವಾದ ಅಂಕೆಗಳು ಮೂರೇ ಆದುದರಿಂದ 9.77 ಎಂದು ತೋರಿಸಿದರೆ ಸಾಕು. ಉಳಿದವುಗಳನ್ನು ಪ್ರದರ್ಶಿಸಿದರೆ ನಮಗಿಲ್ಲದ ನಿಖರತೆಯನ್ನು ಇದೆಯೆಂದು ಹೇಳಿಕೊಂಡಂತಾಗುತ್ತದೆ. ಆದರೆ ನಡುವಣ ಹಂತದಲ್ಲಿಯೇ 4.0401 ಅನ್ನು 4.0 ಎಂದು ಕತ್ತರಿಸಿದರೆ ಉತ್ತರ 9.87 ಆಗಿಬಿಡುತ್ತದೆ. ಗಣನೆಯುದ್ದಕ್ಕೂ ಪೂರ್ಣ ಮೌಲ್ಯವನ್ನು ಉಳಿಸಿಕೊಂಡು, ಕೊನೆಯ ತೋರಿಕೆಯಲ್ಲಿ ಮಾತ್ರ ಅಂಕೆಗಳನ್ನು ಮಿತಗೊಳಿಸಬೇಕು. ಲೆಕ್ಕದ ಹಾಳೆಯ ರೂಪವಿನ್ಯಾಸ ಇದಕ್ಕೆಂದೇ ಮಾಡಿದಂತಿದೆ.

ದಿನಾಂಕವೆಂಬ ಸಂಖ್ಯೆ

ಮೌಲ್ಯಕ್ಕೂ ತೋರಿಕೆಗೂ ಇರುವ ಅಂತರ ದಿನಾಂಕಗಳಲ್ಲಿ ಇನ್ನೂ ಹೆಚ್ಚು. ಕೋಶದಲ್ಲಿ ನಾವು 15 ಆಗಸ್ಟ್ 1947 ಎಂದು ನಮೂದಿಸಿದರೆ ಎಕ್ಸೆಲ್ ಒಳಗೆ ಇಟ್ಟುಕೊಳ್ಳುವುದು 17394 ಎಂಬ ಸಂಖ್ಯೆಯನ್ನು. 1900ರ ಜನವರಿ 1ನ್ನು ಒಂದು ಎಂದೆಣಿಸಿ ಅಲ್ಲಿಂದ ದಿನಗಳನ್ನು ಲೆಕ್ಕ ಮಾಡಿದ ಕ್ರಮಸಂಖ್ಯೆಯಿದು. ಮೈಸೂರು ರಾಜ್ಯ ವಿಸ್ತೃತವಾಗಿ ಏಕೀಕರಣಗೊಂಡ 1956ರ ನವೆಂಬರ್ 1ಕ್ಕೆ ಕ್ರಮಸಂಖ್ಯೆ 20760. ಒಂದರಿಂದ ಇನ್ನೊಂದನ್ನು ಕಳೆದರೆ 3366. ಸ್ವಾತಂತ್ರ್ಯದಿಂದ ಏಕೀಕರಣದವರೆಗೆ ಕಳೆದ ದಿನಗಳು ಇಷ್ಟೇ ಎಂದು ತಟ್ಟನೆ ತಿಳಿಯುತ್ತದೆ. ದಿನಾಂಕವನ್ನು ಸಂಖ್ಯೆಯಾಗಿ ಇಟ್ಟುಕೊಳ್ಳುವುದರ ಪ್ರಯೋಜನ ಇದೇ.

ಇದರಲ್ಲೊಂದು ವಿನೋದವೂ ಉಂಟು. 1900 ಅಧಿಕ ವರ್ಷವಲ್ಲ. ಏಕೆಂದರೆ ಶತಮಾನದ ವರ್ಷವನ್ನು 400ರಿಂದ ಭಾಗಿಸಲು ಬಂದರೆ ಮಾತ್ರ ಅದು ಅಧಿಕ ವರ್ಷ. ಲೋಟಸ್ 1-2-3 ಮಾತ್ರ 1900ನ್ನು ಅಧಿಕ ವರ್ಷವೆಂದೇ ಎಣಿಸಿತು. ಅದರ ಹಾಳೆಗಳೊಡನೆ ಹೊಂದಿಕೊಳ್ಳಬೇಕಾದುದರಿಂದ ಎಕ್ಸೆಲ್ ಆ ಎಣಿಕೆಯನ್ನೇ ಮುಂದುವರಿಸಿತು. ಹೀಗಾಗಿ ಇಂದಿಗೂ ಎಕ್ಸೆಲಿನಲ್ಲಿ 60 ಎಂಬ ಕ್ರಮಸಂಖ್ಯೆಗೆ ದಿನಾಂಕದ ರೂಪ ಕೊಟ್ಟರೆ, ಯಾವ ಪಂಚಾಂಗದಲ್ಲಿಯೂ ಇಲ್ಲದ 29 ಫೆಬ್ರವರಿ 1900 ಎಂಬ ದಿನ ಪ್ರತ್ಯಕ್ಷವಾಗುತ್ತದೆ!

ಇಲ್ಲಿ ಮನಗಾಣಬೇಕಾದ ಸಂಗತಿ ಇದು: 17394 ಎಂಬುದು ಒಂದು ದಿನವೋ, ರೂಪಾಯಿಗಳ ಮೊತ್ತವೋ ಎಂಬುದನ್ನು ಹೇಳುವ ಗುರುತು ಅದರ ರೂಪವಿನ್ಯಾಸವೊಂದೇ. ಇಡೀ ಹಾಳೆಗೆ ಎರಡು ದಶಮಾಂಶಗಳ ರೂಪವನ್ನು ಕೊಡು ಎಂದು ಪ್ರೋಗ್ರಾಮಿಗೆ ಅವಸರದಲ್ಲಿ ಹೇಳಿದರೆ, ಅದು ದಿನಾಂಕದ ಕಂಬವನ್ನೂ ಬಿಡದೆ 17394.00 ಎಂದು ಮಾಡಿಡುತ್ತದೆ. ಮೌಲ್ಯ ಕೆಟ್ಟಿಲ್ಲ, ನಿಜ. ಆದರೆ ಆ ಕಡತವನ್ನು ಮುಂದೆ ಓದುವ ಇನ್ನೊಂದು ಪ್ರೋಗ್ರಾಂ ಅದನ್ನು ದಿನಾಂಕವೆಂದು ಗುರುತಿಸಲಾರದು.

ಸಂಖ್ಯೆಗಳಲ್ಲದ ಅಂಕೆಗಳು

ಅಂಕೆಗಳಿಂದ ಬರೆದುದೆಲ್ಲವೂ ಸಂಖ್ಯೆಯಲ್ಲ. ವಿದ್ಯಾರ್ಥಿಯ ನೋಂದಣಿ ಸಂಖ್ಯೆ, ದೂರವಾಣಿಯ ಸಂಖ್ಯೆ, ಬ್ಯಾಂಕಿನ ಖಾತೆಯ ಸಂಖ್ಯೆ ಇವನ್ನು ಯಾರೂ ಕೂಡಿ ಕಳೆಯುವುದಿಲ್ಲ. ಇವು ಅಂಕೆಗಳಲ್ಲಿ ಬರೆದ ಹೆಸರುಗಳು. ಸಾಮಾನ್ಯ ಕೋಶದಲ್ಲಿ 0456 ಎಂದು ಬರೆದರೆ ಯಂತ್ರ ಅದನ್ನು ಸಂಖ್ಯೆಯೆಂದು ತಿಳಿದು 456 ಎಂದು ಇಟ್ಟುಕೊಳ್ಳುತ್ತದೆ. ಮುಂದಿನ ಸೊನ್ನೆ ಕಳೆದುಹೋಗುತ್ತದೆ. 16 ಅಂಕೆಗಳ ಖಾತೆಯ ಸಂಖ್ಯೆಯ ಗತಿ ಇನ್ನೂ ಶೋಚನೀಯ. 1234567890123456 ಎಂದು ತುಂಬಿದರೆ ಉಳಿಯುವುದು 1234567890123450. ಎಕ್ಸೆಲ್ ಸಂಖ್ಯೆಯೊಂದರಲ್ಲಿ 15 ಸಾರ್ಥಕ ಅಂಕೆಗಳನ್ನು ಮಾತ್ರ ಕಾಯ್ದುಕೊಳ್ಳುವುದೇ ಇದಕ್ಕೆ ಕಾರಣ. ಕಂಪ್ಯೂಟರಿನಲ್ಲಿ ಇಂಥ ಸಂಖ್ಯೆಗೆ 64 ದ್ವಿಮಾನ ಸ್ಥಾನಗಳಿದ್ದು, ಅಂಕೆಗಳಿಗೆ ದೊರೆಯುವ ನಿಖರತೆ 53 ಸ್ಥಾನಗಳಷ್ಟು ಮಾತ್ರ. ಎರಡರ 53ನೆಯ ಘಾತವು ಸುಮಾರು 9 ಸಾವಿರ ಲಕ್ಷ ಕೋಟಿ. ಎಂದರೆ 16 ಅಂಕೆಗಳ ಎಲ್ಲ ಸಂಖ್ಯೆಗಳಿಗೂ ಅದರಲ್ಲಿ ಸ್ಥಳವಿಲ್ಲ. ಹೀಗೆ ಒಮ್ಮೆ ಹೋದ ಅಂಕೆಯನ್ನು ಯಾವ ರೂಪವಿನ್ಯಾಸವೂ ಮರಳಿ ತರಲಾರದು. ಅಂಥ ಕಂಬಕ್ಕೆ ಅಂಕಿಗಳನ್ನು ತುಂಬುವ ಮೊದಲೇ ಪಠ್ಯದ ರೂಪವನ್ನು ಕೊಟ್ಟಿರಬೇಕು.

ಅನುವಂಶವಿಜ್ಞಾನದಲ್ಲಿ ಇದೇ ಬಗೆಯ ಅನರ್ಥ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಜೀನುಗಳಿಗೆ ವಿಜ್ಞಾನಿಗಳು ಕೊಟ್ಟ ಸಂಕ್ಷಿಪ್ತ ಹೆಸರುಗಳಲ್ಲಿ ಸೆಪ್ಟ್2, ಮಾರ್ಚ್1 ಎಂಬಂಥವು ಇದ್ದುವು. ಇವುಗಳನ್ನು ಎಕ್ಸೆಲ್ ಹಾಳೆಯಲ್ಲಿ ತುಂಬಿದಾಗ ಯಂತ್ರವು ಸೆಪ್ಟೆಂಬರ್ 2, ಮಾರ್ಚ್ 1 ಎಂದು ತಿಳಿದು ದಿನಾಂಕಗಳನ್ನಾಗಿ ಮಾರ್ಪಡಿಸಿತು. 2004ರಲ್ಲಿಯೇ ಈ ತೊಂದರೆಯನ್ನು ಸಂಶೋಧಕರು ಪ್ರಕಟಿಸಿದ್ದರು. 2016ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಪ್ರಕಟಿತ ಲೇಖನಗಳೊಡನೆ ಲಗತ್ತಿಸಿದ್ದ ಎಕ್ಸೆಲ್ ಜೀನುಪಟ್ಟಿಗಳನ್ನು ಪರೀಕ್ಷಿಸಿದಾಗ, ಅಂಥ ಪಟ್ಟಿಗಳಿದ್ದ ಲೇಖನಗಳ ಪೈಕಿ ಸುಮಾರು ಐದರಲ್ಲೊಂದು ಪಾಲಿನಲ್ಲಿ ಈ ತಪ್ಪು ಕಂಡುಬಂದಿತು. 2016ರಲ್ಲಿ ಮಾರ್ಚ್1 ಎಂದು ತುಂಬಿದವನು ಆಮೇಲೆ ಎಚ್ಚೆತ್ತು ದಿನಾಂಕದ ರೂಪವನ್ನು ತೆಗೆದುಹಾಕಿದರೂ ಜೀನಿನ ಹೆಸರು ಹಿಂದಿರುಗುವುದಿಲ್ಲ. 42430 ಎಂಬ ಕ್ರಮಸಂಖ್ಯೆ ಹೊರಬರುತ್ತದೆ! ಕೊನೆಗೆ 2020ರಲ್ಲಿ ಜೀನುಗಳ ನಾಮಕರಣ ಸಮಿತಿಯು ಹೆಸರುಗಳನ್ನೇ ಬದಲಿಸಬೇಕಾಯಿತು. ಸೆಪ್ಟ್2 ಎಂಬುದು ಸೆಪ್ಟಿನ್2 ಆಯಿತು. ತಾನಾಗಿ ನಡೆಯುವ ಈ ಮಾರ್ಪಾಟನ್ನು ನಿಲ್ಲಿಸಿಕೊಳ್ಳುವ ಅನುಕೂಲವನ್ನು ಎಕ್ಸೆಲ್ 2023ರಲ್ಲಿ ಒದಗಿಸಿತು.

ಕಡತದ ಒಳಗೆ

ಪ್ರೋಗ್ರಾಂ ಕೋಶಗಳ ರೂಪವನ್ನು ಹೇಗೆ ಬದಲಿಸುತ್ತದೆಂಬುದನ್ನು ತಿಳಿಯಬೇಕಾದರೆ ಕಡತದ ಒಳಗನ್ನು ನೋಡಬೇಕು. 2007ರಿಂದೀಚೆಗೆ ಎಕ್ಸೆಲ್ ಬಳಸುತ್ತಿರುವ ಕಡತ ನಿಜವಾಗಿ ಒಂದು ಗಂಟು. ಅದರ ನಕಲೊಂದನ್ನು ಮಾಡಿ, ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ಬಿಚ್ಚಿದರೆ ಹಲವು ಸಣ್ಣ ಕಡತಗಳು ಹೊರಬೀಳುತ್ತವೆ. ಅವುಗಳಲ್ಲಿ ಒಂದೊಂದು ಹಾಳೆಗೂ ಒಂದೊಂದು ಕಡತವಿದೆ. ಶೈಲಿಗಳಿಗೆಂದೇ ಬೇರೊಂದು ಕಡತವಿದೆ.

ಹಾಳೆಯ ಕಡತದಲ್ಲಿ ಒಂದೊಂದು ಕೋಶಕ್ಕೂ ಅದರ ವಿಳಾಸ, ಅದರ ಮೌಲ್ಯ, ಅದರೊಡನೆ ಒಂದು ಕಿರುಸಂಖ್ಯೆ, ಇಷ್ಟೇ ಬರೆದಿರುತ್ತದೆ. ಕಿರುಸಂಖ್ಯೆ 3 ಎಂದಿದ್ದರೆ ಶೈಲಿಗಳ ಕಡತದಲ್ಲಿ ಆ ಸಂಖ್ಯೆಯ ನಮೂದನ್ನು ನೋಡು ಎಂದರ್ಥ. ಅಕ್ಷರದ ಬಗೆ, ಬಣ್ಣ, ಅಂಚಿನ ಗೆರೆ, ಸಂಖ್ಯೆಯ ರೂಪ ಇವೆಲ್ಲವೂ ಅಲ್ಲಿ ನಮೂದಾಗಿರುತ್ತವೆ. ಒಂದೇ ತೆರನಾದ ಹತ್ತು ಸಾವಿರ ಕೋಶಗಳಿಗೆ ಶೈಲಿಯ ನಮೂದು ಒಂದೇ ಇದ್ದರೆ ಸಾಕು. ಸಮವಸ್ತ್ರದ ವಿವರವನ್ನು ಶಾಲೆಯ ಕಚೇರಿಯಲ್ಲಿ ಒಂದೆಡೆ ಬರೆದಿಟ್ಟು, ಪ್ರತಿ ಹುಡುಗನ ಹೆಸರಿನ ಮುಂದೆ ಅದರ ಗುರುತನ್ನು ಮಾತ್ರ ಹಾಕಿದ ಹಾಗೆ. ಮೌಲ್ಯ ಮತ್ತು ತೋರಿಕೆಗಳ ಭೇದ ಕೇವಲ ತಾತ್ತ್ವಿಕವಲ್ಲ. ಅವೆರಡೂ ಬೇರೆ ಬೇರೆ ಕಡತಗಳಲ್ಲಿಯೇ ವಾಸಿಸುತ್ತವೆ.

ಯಂತ್ರಕ್ಕೆ ವಹಿಸುವ ಮೂರು ಬಗೆಗಳು

ಮೊದಲನೆಯದು ಷರತ್ತಿನ ರೂಪವಿನ್ಯಾಸ. ಮೌಲ್ಯ 35ಕ್ಕಿಂತ ಕಡಮೆಯಿದ್ದರೆ ಕೆಂಪು ಎಂಬ ನಿಯಮವನ್ನು ಹಾಳೆಗೇ ಅಂಟಿಸಿಡುವುದು. ಮೌಲ್ಯ ಬದಲಾದೊಡನೆ ಬಣ್ಣವೂ ತಾನಾಗಿ ಬದಲಾಗುತ್ತದೆ. ಒಂದೇ ಹಾಳೆಗೆ ಇದಕ್ಕಿಂತ ಸುಲಭವಾದ ಉಪಾಯವಿಲ್ಲ.

ಎರಡನೆಯದು ಮ್ಯಾಕ್ರೊ. ನಾವು ಕೈಯಿಂದ ಮಾಡಿದ ಕೆಲಸಗಳನ್ನು ಯಂತ್ರವು ನೋಡಿ ಬರೆದಿಟ್ಟುಕೊಂಡು, ಬೇಕೆಂದಾಗ ಹಾಗೆಯೇ ಪುನಃ ಮಾಡುತ್ತದೆ. ಇದು ಧ್ವನಿಮುದ್ರಣವಿದ್ದಂತೆ. ಇದರ ದೋಷವೂ ಅಲ್ಲಿಯೇ ಇದೆ. ನಾವು 12ನೆಯ ಸಾಲಿಗೆ ಬಣ್ಣ ಹಚ್ಚಿದಾಗ ನಮ್ಮ ಮನಸ್ಸಿನಲ್ಲಿದ್ದುದು ಅದು ಒಟ್ಟು ಮೊತ್ತದ ಸಾಲು ಎಂಬುದು. ಸಾಮಾನ್ಯವಾಗಿ ಯಂತ್ರ ಬರೆದುಕೊಳ್ಳುವುದು 12 ಎಂಬ ವಿಳಾಸವನ್ನು. ಮುಂದಿನ ತಿಂಗಳು ನಡುವೆ ಒಂದು ಸಾಲು ಹೆಚ್ಚಾದರೆ ಮೊತ್ತ 13ನೆಯ ಸಾಲಿಗೆ ಇಳಿದಿರುತ್ತದೆ. ಬಣ್ಣ ಮಾತ್ರ ಹಳೆಯ ವಿಳಾಸಕ್ಕೇ ಹೋಗಿ ಯಾರೋ ಒಬ್ಬರ ಹೆಸರಿನ ಮೇಲೆ ಬೀಳುತ್ತದೆ.

ಮೂರನೆಯದು ಪೂರ್ಣವಾಗಿ ಬರೆದ ಪ್ರೋಗ್ರಾಂ. ಎಕ್ಸೆಲಿನೊಳಗೆ 1993ರಿಂದ ದೊರೆಯುವ ವಿಷುಯಲ್ ಬೇಸಿಕ್ ಭಾಷೆಯಲ್ಲಿ ಇದನ್ನು ಬರೆಯಬಹುದು. ಪೈಥಾನ್ ಭಾಷೆಯಲ್ಲಿ ಬರೆಯುವವರಿಗೆ ಓಪನ್‌ಪೈಎಕ್ಸೆಲ್ ಎಂಬ ಉಚಿತ ಸಾಧನವಿದೆ. ಇದಕ್ಕೆ ಎಕ್ಸೆಲಿನ ಹಂಗೇ ಇಲ್ಲ; ಮೇಲೆ ಹೇಳಿದ ಗಂಟನ್ನು ತಾನೇ ಬಿಚ್ಚಿ, ಓದಿ, ತಿದ್ದಿ, ಪುನಃ ಕಟ್ಟಿಡುತ್ತದೆ. ಆದರೆ ಗಂಟಿನಲ್ಲಿರುವುದೆಲ್ಲವನ್ನೂ ಅದು ಓದಲಾರದು. ಹಾಳೆಯ ಮೇಲೆ ಬರೆದ ಕೆಲವು ಆಕೃತಿಗಳು ಪುನಃ ಕಟ್ಟುವಾಗ ಬಿಟ್ಟುಹೋಗುತ್ತವೆ. ಸೂತ್ರಗಳ ಬದಲು ಅವುಗಳ ಉತ್ತರಗಳನ್ನು ಮಾತ್ರ ಓದು ಎಂದು ಹೇಳಿ ತೆರೆದ ಕಡತವನ್ನು ಅದೇ ಹೆಸರಿನಲ್ಲಿ ಉಳಿಸಿದರೆ ಸೂತ್ರಗಳೆಲ್ಲ ಅಳಿದುಹೋಗುತ್ತವೆ. ಆದುದರಿಂದ ಮೂಲ ಕಡತವನ್ನು ಮುಟ್ಟದೆ, ಫಲವನ್ನು ಬೇರೆ ಹೆಸರಿನಲ್ಲಿ ಉಳಿಸುವುದು ಮೊದಲ ಕಟ್ಟಳೆಯಾಗಿರಬೇಕು.

ಒಂದು ಮಾದರಿ

ಅಂಕಪಟ್ಟಿಯೊಂದಕ್ಕೆ ಪ್ರೋಗ್ರಾಂ ಬರೆಯುವಾಗ ಅನುಸರಿಸಬೇಕಾದ ಕ್ರಮವನ್ನು ಈಗ ನೋಡೋಣ.

1. ತಲೆಬರಹದ ಸಾಲನ್ನು ಓದಿ ಸರಾಸರಿ, ಜನ್ಮದಿನಾಂಕ, ನೋಂದಣಿ ಸಂಖ್ಯೆ ಎಂಬ ಕಂಬಗಳು ಎಲ್ಲಿವೆಯೆಂದು ಹುಡುಕಬೇಕು. ಐದನೆಯ ಕಂಬ ಎಂದು ವಿಳಾಸವನ್ನು ನೆಚ್ಚಬಾರದು. ಹೆಸರು ಸಿಗದಿದ್ದರೆ ಪ್ರೋಗ್ರಾಂ ನಿಂತು ತಿಳಿಸಬೇಕೇ ಹೊರತು ಊಹಿಸಿ ಮುಂದುವರಿಯಬಾರದು.

2. ಒಂದೊಂದು ಕಂಬದ ಮೌಲ್ಯಗಳೂ ಯಾವ ಜಾತಿಯವೆಂದು ನೋಡಬೇಕು. ಸರಾಸರಿಯ ಕಂಬದಲ್ಲಿ ಪಠ್ಯವಾಗಿ ಕುಳಿತ 40 ಇರಬಹುದು. ಮೊತ್ತದ ಸೂತ್ರ ಅಂಥ ಕೋಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಾಮಾನ್ಯವಾಗಿ ಸಂಖ್ಯೆಗಳು ಕೋಶದ ಬಲಕ್ಕೂ ಪಠ್ಯ ಎಡಕ್ಕೂ ಸರಿದು ನಿಲ್ಲುವುದರಿಂದ ಕಣ್ಣಿಗೆ ಈ ಭೇದ ತಿಳಿಯುತ್ತದೆ. ಎಲ್ಲವನ್ನೂ ನಡುವಿಗೆ ತಂದು ಅಲಂಕರಿಸಿದರೆ ಆ ಸುಳಿವೂ ಹೋಗುತ್ತದೆ.

3. ಅನಂತರ ಕಂಬಕಂಬಕ್ಕೂ ತಕ್ಕ ಸಂಖ್ಯಾರೂಪವನ್ನು ಕೊಡಬೇಕು: ಸರಾಸರಿಗೆ ಒಂದು ದಶಮಾಂಶ, ದಿನಾಂಕಕ್ಕೆ ದಿನಾಂಕದ ರೂಪ, ನೋಂದಣಿ ಸಂಖ್ಯೆಗೆ ಪಠ್ಯರೂಪ.

4. ಬಣ್ಣವನ್ನು ಕೊನೆಗೆ ಹಚ್ಚಬೇಕು, ಬಣ್ಣವೊಂದನ್ನೇ ನೆಚ್ಚಬಾರದು. ಹಾಳೆಯ ಸಾಮಾನ್ಯ ಸೂತ್ರಗಳು ಬಣ್ಣವನ್ನು ಓದಲಾರವು; ಕೆಂಪು ಹಸಿರುಗಳ ಭೇದ ಕಾಣದ ಕಣ್ಣುಗಳೂ ಉಂಟು; ಕಪ್ಪುಬಿಳುಪು ಮುದ್ರಣದಲ್ಲಿ ಎರಡೂ ಬೂದಿಯೇ. ಆದ್ದರಿಂದ ಉತ್ತೀರ್ಣ, ಅನುತ್ತೀರ್ಣ ಎಂಬ ಮಾತನ್ನು ಬೇರೊಂದು ಕಂಬದಲ್ಲಿ ಬರೆದಿರಬೇಕು.

ಲಕ್ಷ ಕೋಟಿಗಳ ರೂಪ

ಸಂಖ್ಯಾರೂಪವನ್ನು ಯಂತ್ರಕ್ಕೆ ತಿಳಿಸಲು ಒಂದು ಚಿಕ್ಕ ಸಂಕೇತಭಾಷೆಯಿದೆ. ಅದರಲ್ಲಿ 0 ಎಂದರೆ ಆ ಸ್ಥಾನದಲ್ಲಿ ಅಂಕೆ ಇರದಿದ್ದರೂ ಸೊನ್ನೆಯನ್ನು ತೋರಿಸು. # ಎಂದರೆ ಅಂಕೆ ಇದ್ದರೆ ಮಾತ್ರ ತೋರಿಸು. ಪಾಶ್ಚಾತ್ಯರಂತೆ ಮೂರು ಮೂರು ಅಂಕೆಗಳಿಗೆ ಅಲ್ಪವಿರಾಮ ಹಾಕಲು #,##0 ಎಂದರೆ ಸಾಕು. ನಮ್ಮ ಲಕ್ಷ ಕೋಟಿಗಳ ಕ್ರಮದಲ್ಲಿ ಬೇಕಾದರೆ ಕಂಪ್ಯೂಟರಿನ ಪ್ರದೇಶವನ್ನು ಭಾರತವೆಂದು ಇಟ್ಟುಕೊಳ್ಳಬಹುದು. ಇಲ್ಲವೆ ಈ ಸಂಕೇತವನ್ನು ಪ್ರೋಗ್ರಾಮಿನ ಮೂಲಕ ಕೋಶಗಳಿಗೆ ಕೊಡಬಹುದು:

[>=10000000]##\,##\,##\,##0;[>=100000]##\,##\,##0;##,##0

ಅರ್ಧವಿರಾಮಗಳು ಇದನ್ನು ಮೂರು ಭಾಗಗಳಾಗಿ ವಿಂಗಡಿಸುತ್ತವೆ. ಕೋಟಿ ಮತ್ತು ಅದಕ್ಕೆ ಮೇಲ್ಪಟ್ಟ ಮೌಲ್ಯಕ್ಕೆ ಮೊದಲನೆಯ ಭಾಗ, ಲಕ್ಷದಿಂದ ಕೋಟಿಯೊಳಗಿನದಕ್ಕೆ ಎರಡನೆಯದು, ಉಳಿದುದಕ್ಕೆ ಮೂರನೆಯದು. ಹಿಂದಕ್ಕೆ ಬಾಗಿದ ಗೆರೆಯು, ಮುಂದಿನ ಅಲ್ಪವಿರಾಮವನ್ನು ಇದ್ದಲ್ಲೇ ಇಡು ಎಂದು ಹೇಳುತ್ತದೆ. ಇದರಂತೆ 12345678 ಎಂಬುದು 1,23,45,678 ಎಂದು ಕಾಣುತ್ತದೆ. ಆದರೆ ಸಾಲದ ಬಾಕಿಯಂಥ ಋಣಸಂಖ್ಯೆ ಬಂದರೆ ಅದು ಲಕ್ಷಕ್ಕಿಂತ ಕಡಮೆಯೇ ಆದುದರಿಂದ ಮೂರನೆಯ ಭಾಗಕ್ಕೆ ಬಿದ್ದು -1,234,567 ಎಂದು ಪಾಶ್ಚಾತ್ಯ ಕ್ರಮದಲ್ಲಿ ಕಾಣುತ್ತದೆ. ನಿಯಮವನ್ನು ಬರೆದವನು ಊಹಿಸದೆ ಇದ್ದ ಮೌಲ್ಯ ಬಂದಾಗಲೇ ನಿಯಮದ ಕೊರತೆ ಹೊರಬೀಳುವುದು.

ಪರೀಕ್ಷೆಯ ವಿಧಾನ

ಪ್ರೋಗ್ರಾಂ ತನ್ನ ಕೆಲಸವನ್ನು ಸರಿಯಾಗಿ ಮಾಡಿತೆಂದು ತಿಳಿಯುವುದು ಹೇಗೆ? ಹಾಳೆ ಸುಂದರವಾಗಿ ಕಾಣುವುದು ಪ್ರಮಾಣವಲ್ಲ. ಭೌತವಿಜ್ಞಾನದಲ್ಲಿ ಶಕ್ತಿ ರೂಪಾಂತರ ಹೊಂದಿದರೂ ಅದರ ಮೊತ್ತ ಬದಲಾಗದೆಂಬ ನಿತ್ಯತೆಯ ನಿಯಮವಿದೆ. ರೂಪವಿನ್ಯಾಸಕ್ಕೂ ಅಂಥದೊಂದು ನಿಯಮವನ್ನು ನಾವೇ ವಿಧಿಸಬಹುದು: ಪ್ರೋಗ್ರಾಂ ನಡೆಯುವ ಮೊದಲೂ ನಡೆದ ಅನಂತರವೂ ಕೋಶಗಳ ಮೌಲ್ಯಗಳು ಒಂದೇ ಆಗಿರಬೇಕು. ಮೊತ್ತಗಳನ್ನು ಹೋಲಿಸಿದರೆ ಸಾಲದು. ಎರಡು ಕೋಶಗಳು ಅದಲುಬದಲಾದರೂ ಮೊತ್ತ ಬದಲಾಗುವುದಿಲ್ಲ. ಹಳೆಯ ಕಡತದ ಕೋಶವನ್ನು ಹೊಸ ಕಡತದ ಅದೇ ಕೋಶದೊಡನೆ ಒಂದೊಂದಾಗಿ ಹೋಲಿಸಬೇಕು. ಈ ಕೆಲಸವನ್ನೂ ಪ್ರೋಗ್ರಾಮೇ ಮಾಡಬಲ್ಲದು.

ಇನ್ನೊಂದು ಪರೀಕ್ಷೆಯೂ ಇದೆ. ಅದೇ ಪ್ರೋಗ್ರಾಮನ್ನು ಎರಡು ಸಲ ನಡೆಸಿ ನೋಡಬೇಕು. 0.34 ಎಂಬ ಮೌಲ್ಯವನ್ನು ಶೇಕಡಾ 34 ಎಂದು ತೋರಿಸಬೇಕಾಗಿದೆಯೆನ್ನಿ. ಶೇಕಡಾ ರೂಪವನ್ನು ಕೊಟ್ಟ ಪ್ರೋಗ್ರಾಂ ಎಷ್ಟು ಸಲ ನಡೆದರೂ ಶೇಕಡಾ 34 ಎಂದೇ ಕಾಣುತ್ತದೆ. ಮೌಲ್ಯವನ್ನೇ ನೂರರಿಂದ ಗುಣಿಸುವ ಪ್ರೋಗ್ರಾಂ ಮೊದಲ ಸಲ 34 ಎಂದೂ ಎರಡನೆಯ ಸಲ 3400 ಎಂದೂ ಬರೆದಿಡುತ್ತದೆ. ಎರಡನೆಯ ಸಲ ನಡೆಸಿದಾಗ ಫಲ ಬದಲಾಯಿತೆಂದರೆ ಪ್ರೋಗ್ರಾಂ ತೋರಿಕೆಯ ಗಡಿಯನ್ನು ದಾಟಿ ಮೌಲ್ಯಕ್ಕೆ ಕೈ ಹಾಕಿದೆಯೆಂಬ ಸಂಶಯಕ್ಕೆ ಆಸ್ಪದವಿದೆ.

ವಾಚಕರು ತಮ್ಮಲ್ಲಿರುವ ಯಾವುದಾದರೊಂದು ಹಾಳೆಯ ನಕಲನ್ನು ತೆರೆದು, ಒಂದು ದಿನಾಂಕದ ಕೋಶಕ್ಕೆ ಸಾಮಾನ್ಯ ರೂಪವನ್ನು ಕೊಟ್ಟು ನೋಡಲಿ. ದಿನಾಂಕ ಸರಿದು ಕ್ರಮಸಂಖ್ಯೆ ಕಾಣಿಸಿಕೊಳ್ಳುತ್ತದೆ. ಅನಂತರ ದಶಮಾಂಶಗಳುಳ್ಳ ಮೂರು ಸಂಖ್ಯೆಗಳನ್ನು, ಉದಾಹರಣೆಗೆ ಮೂರು ಸಲ 33.3 ಎಂದು ಬರೆದು, ಕೆಳಗೆ ಮೊತ್ತದ ಸೂತ್ರವನ್ನು ಕೊಟ್ಟು, ದಶಮಾಂಶಗಳನ್ನು ಮರೆಮಾಡಲಿ. ಮೂರು 33ಗಳ ಕೆಳಗೆ 100 ಎಂದು ಕಾಣುತ್ತದೆ. ಯಂತ್ರ ತಪ್ಪಿಲ್ಲ, ಅದರ ಮೊತ್ತ 99.9 ಸರಿಯಾಗಿಯೇ ಇದೆ. ಕಂಡುದನ್ನು ಇದ್ದುದೆಂದು ನಂಬಿ ಅದರ ಕೆಳಗೆ ರುಜು ಹಾಕುವ ಮೊದಲು, ಮರೆಯಾದ ದಶಮಾಂಶವನ್ನು ಒಮ್ಮೆ ತೆರೆದು ನೋಡುವ ಅಭ್ಯಾಸ ಲೆಕ್ಕವಿಡುವ ಪ್ರತಿಯೊಬ್ಬರಿಗೂ ಇರಬೇಕು.